ಕ್ಷೌರಕತ್ತಿಗೆ ಯಾವ ಕಲ್ಲು? ಓದುಗರ ಪ್ರಶ್ನೆಗಳಿಗೆ ಉತ್ತರ

ಮಡಚುವ ಕ್ಷೌರಕತ್ತಿಯನ್ನು ನೈಸರ್ಗಿಕ ಸಾಣೆಕಲ್ಲಿನ ಮೇಲೆ ಮಸೆಯುವ ಬಗ್ಗೆ ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳಿವು.

ಪ್ರಶ್ನೆ: ಬೆಲ್ಜಿಯಂನ ಹಳದಿ ಕೋಟಿಕ್ಯೂಲ್ ಕಲ್ಲು ತರಿಸಿಕೊಂಡಿದ್ದೇನೆ. ಎಷ್ಟು ಹೊತ್ತು ಮಸೆದರೂ ಕತ್ತಿ ಕೆನ್ನೆಯ ಮೇಲೆ ಕೂದಲನ್ನು ಜಗ್ಗುತ್ತದೆ. ಕಲ್ಲು ನಕಲಿ ಇರಬಹುದೇ? (ಮೈಸೂರಿನ ಓದುಗರು)

ಉತ್ತರ: ಕಲ್ಲಿನ ಮೇಲೆ ಅನುಮಾನ ಪಡುವ ಮೊದಲು ಕತ್ತಿಯ ಬಾಯಿ ನೋಡಿ. ಇಂಥ ದೂರುಗಳಲ್ಲಿ ಹೆಚ್ಚಿನವು ಬೆವೆಲ್ ಸರಿಯಾಗಿ ಕೂಡದೇ ಇರುವುದರಿಂದ ಬರುತ್ತವೆ. ಅಲಗಿನ ಎರಡೂ ಪಕ್ಕದ ಇಳಿಜಾರುಗಳು ತುತ್ತತುದಿಯಲ್ಲಿ ಒಂದಕ್ಕೊಂದು ಸಂಧಿಸಬೇಕು. ಸಂಧಿಸದಿದ್ದರೆ ಎಂಥ ನುಣುಪಾದ ಕಲ್ಲೂ ಏನೂ ಮಾಡಲಾರದು. ಎರಡೂ ಇಳಿಜಾರಿಗೆ ಸ್ಕೆಚ್ ಪೆನ್ನಿನ ಮಸಿ ಬಳಿದು, ಒದ್ದೆ ಕಲ್ಲಿನ ಮೇಲೆ ನಾಲ್ಕೈದು ಸಲ ಹಗುರವಾಗಿ ಎಳೆದು, ಭೂತಗನ್ನಡಿಯಲ್ಲಿ ನೋಡಿ. ಬಾಯಿಯ ಅಂಚಿನಲ್ಲಿ ಮಸಿಯ ಗೆರೆ ಉಳಿದಿದ್ದರೆ ಕಲ್ಲು ಅಲ್ಲಿಗೆ ತಲುಪಿಯೇ ಇಲ್ಲ ಎಂದರ್ಥ. ಆಗ 1000 ಗ್ರಿಟ್‌ನ ಕೃತಕ ಕಲ್ಲಿಗೆ ಹೋಗಿ (ಗ್ರಿಟ್ ಎಂದರೆ ಕಲ್ಲಿನ ಕಣದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು). ಹಿಮ್ಮಡಿಯಿಂದ ತುದಿಯವರೆಗೆ ಅಲಗಿನ ಪ್ರತಿಯೊಂದು ಭಾಗವೂ ಮುಂಗೈ ಕೂದಲನ್ನು ಬುಡದಲ್ಲಿ ಸಲೀಸಾಗಿ ಬೋಳಿಸುವವರೆಗೆ ಕೋಟಿಕ್ಯೂಲ್ ಮುಟ್ಟಬೇಡಿ.

ಇನ್ನು ಕೋಟಿಕ್ಯೂಲ್ ವಿಷಯ. ಆರ್ಡೆನ್ ಬೆಟ್ಟಗಳ ವಿಯೆಲ್‌ಸಾಮ್ ಸುತ್ತಮುತ್ತ ಸಿಗುವ ಈ ಕಲ್ಲಿನಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಗಾರ್ನೆಟ್ ಹರಳುಗಳೇ. ಹರಳಿಗೆ ಹನ್ನೆರಡು ಮುಖ, ಕೋನಗಳು ಮೊಂಡು. ಹಾಗಾಗಿ ಉಕ್ಕಿನ ಮೇಲೆ ಆಳವಾದ ಗೀರು ಬೀಳುವುದಿಲ್ಲ. ಜೊತೆಗೆ ಬರುವ ಪುಟ್ಟ ಕಲ್ಲನ್ನು ಗಂಧ ತೇಯುವಂತೆ ಮೇಲೆ ಉಜ್ಜಿದರೆ ಹಾಲಿನಂಥ ಸ್ಲರಿ ಏಳುತ್ತದೆ. ಅದರಲ್ಲಿ ಬಿಡಿಯಾದ ಹರಳುಗಳು ತೇಲುವುದರಿಂದ ಕಲ್ಲು ಬೇಗ ಕಡಿಯುತ್ತದೆ. ಆದರೆ ಕತ್ತಿಯ ಬಾಯಿ ಎದುರಾಗಿ ಅದೇ ಹರಳುಗಳಿಗೆ ಡಿಕ್ಕಿ ಹೊಡೆಯುತ್ತದೆ, ಅಂಚು ಕೂದಲೆಳೆಯಷ್ಟು ಮೊಂಡಾಗುತ್ತದೆ. ಅದಕ್ಕೇ ಗಟ್ಟಿ ಸ್ಲರಿಯಲ್ಲಿ ಹರಿತಕ್ಕೊಂದು ಮಿತಿ ಇದೆ. ಬರೀ ನೀರಿನಲ್ಲಿ ಆ ಮಿತಿ ಇಲ್ಲ, ಆದರೆ ಅಲ್ಲಿ ಕಲ್ಲು ತೀರ ನಿಧಾನ. ಈ ಎರಡರ ನಡುವಿನ ದಾರಿಯೇ ಸ್ಲರಿಯನ್ನು ಹಂತಹಂತವಾಗಿ ತೆಳುವಾಗಿಸುವುದು.

ತೆಳು ಹಾಲಿನಷ್ಟು ಸ್ಲರಿಯಿಂದ ಶುರು ಮಾಡಿ. ಒಂದು ಪಕ್ಕ ಮೂವತ್ತು ಬಾರಿ ಹಿಂದೆ ಮುಂದೆ, ಇನ್ನೊಂದು ಪಕ್ಕ ಮೂವತ್ತು. ಆಮೇಲೆ ಬಾಯಿ ಮುಂದಾಗಿ ಓರೆಯಾಗಿ ಎಳೆಯುವ ಹೊಡೆತಗಳು; ತಿರುಗಿಸುವಾಗ ಬೆನ್ನು ಕಲ್ಲನ್ನು ಬಿಡಬಾರದು. ಇಪ್ಪತ್ತು ಸುತ್ತಿಗೊಮ್ಮೆ (ಎರಡೂ ಪಕ್ಕ ಒಂದೊಂದು ಹೊಡೆತ ಸೇರಿ ಒಂದು ಸುತ್ತು) ಬೆರಳ ತುದಿಯಲ್ಲಿ ಎರಡೇ ಹನಿ ನೀರು ಹಾಕಿ. ನೀರು ಪೂರ್ತಿ ತಿಳಿಯಾಗಲು ಹತ್ತು ಹನ್ನೆರಡು ಸಲವಾದರೂ ಬೇಕು. ಕೊನೆಗೆ ಕಲ್ಲು, ಕತ್ತಿ ಎರಡನ್ನೂ ತೊಳೆದು ಬರೀ ನೀರಿನ ಮೇಲೆ ಐವತ್ತು ಸುತ್ತು, ಕತ್ತಿಯ ಭಾರ ಮಾತ್ರ ಬೀಳುವಂತೆ. ಇಲ್ಲಿ ಅವಸರ ಮಾಡಿ ನೀರು ಸುರಿದರೆ ಸ್ಲರಿ ಮೊಂಡು ಮಾಡಿದ ಅಂಚು ಹಾಗೇ ಉಳಿದುಬಿಡುತ್ತದೆ, ಬರೀ ನೀರಿನಲ್ಲಿ ಇನ್ನೂರು ಸುತ್ತು ಹಾಕಿದರೂ ಸರಿಹೋಗುವುದಿಲ್ಲ. ಹಾಗಾದಲ್ಲಿ ಹಿಂದಕ್ಕೆ ಹೋಗಿ ತೆಳು ಸ್ಲರಿಯಿಂದ ಮತ್ತೆ ಬನ್ನಿ. ನಿಮ್ಮ ಕತ್ತಿಯ ತೊಂದರೆ ಬೆವೆಲ್‌ನದಲ್ಲದಿದ್ದರೆ ಇದೇ ಇರಬೇಕು.

ಒತ್ತಡವೂ ಮುಖ್ಯ. ಒಳಬಾಗಿದ ತೆಳು ಅಲಗು ಒತ್ತಿದರೆ ಬಳುಕುತ್ತದೆ, ಬಾಯಿ ಕಲ್ಲಿನಿಂದ ಮೇಲೆದ್ದು ಬರೀ ಹಿಂಭಾಗ ಸವೆಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಸಿಗುವ ಕಡಪ ಕಲ್ಲು ನುಣ್ಣಗೇ ಇರುತ್ತದಲ್ಲ, ಅದರ ಮೇಲೆ ಮಸೆಯಬಹುದೇ? (ಶಿರಸಿಯಿಂದ ಬಂದ ಪತ್ರ)

ಉತ್ತರ: ಬೇಡ. ನುಣುಪು ಬೇರೆ, ಕಡಿಯುವ ಗುಣ ಬೇರೆ. ಕಡಪ ಕಲ್ಲು ಸುಣ್ಣಕಲ್ಲು. ಅದರ ಮುಖ್ಯ ಖನಿಜ ಕ್ಯಾಲ್ಸೈಟ್‌ನ ಗಡಸುತನ ಮೋಸ್ ಮಾಪನದಲ್ಲಿ 3. ಹದ ಹಾಕಿದ ಉಕ್ಕು ಅದಕ್ಕಿಂತ ಎಷ್ಟೋ ಗಟ್ಟಿ, ಹಾಗಾಗಿ ಸವೆಯುವುದು ಕಲ್ಲೇ. ಕೋಟಿಕ್ಯೂಲ್‌ನ ಗಾರ್ನೆಟ್ 7ರ ಆಸುಪಾಸು, ಅಮೆರಿಕದ ಅರ್ಕನ್ಸಾ ಕಲ್ಲಿನ ಸಿಲಿಕಾ 7, ಅದಕ್ಕೇ ಅವು ಉಕ್ಕನ್ನು ಕಡಿಯುತ್ತವೆ. ಅಡುಗೆಮನೆಯ ಚಾಕುವಿಗೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುವ ಕಾರ್ಬೊರಂಡಂ ಕಲ್ಲು ಉಕ್ಕನ್ನು ಕಡಿಯುತ್ತದೇನೋ ನಿಜ, ಆದರೆ ಕ್ಷೌರಕತ್ತಿಗೆ ತೀರ ಒರಟು. ಒಂದೇ ಸಲಕ್ಕೆ ಬಾಯಿ ಮುಕ್ಕಾಗುತ್ತದೆ.

ಪ್ರಶ್ನೆ: ಅರ್ಕನ್ಸಾದ ಕಪ್ಪು ಕಲ್ಲು ಕೊಂಡೆ. ಉಕ್ಕು ಅದರ ಮೇಲೆ ಜಾರುತ್ತದೆಯೇ ಹೊರತು ಮಸೆಯುವುದೇ ಇಲ್ಲ. ಯಾವ ಎಣ್ಣೆ ಹಾಕಬೇಕು? (ಧಾರವಾಡದ ಓದುಗರು)

ಉತ್ತರ: ಜಾರುವುದು ಆ ಕಲ್ಲಿನ ಸ್ವಭಾವ. ಅಮೆರಿಕದ ಹಾಟ್ ಸ್ಪ್ರಿಂಗ್ಸ್ ಬಳಿ, ವಾಶಿಟಾ ಬೆಟ್ಟಗಳಲ್ಲಿ ಸಿಗುವ ಈ ನೊವಾಕ್ಯುಲೈಟ್ ಬಹುತೇಕ ಶುದ್ಧ ಸಿಲಿಕಾ. ಇದರಲ್ಲಿ ಕಣಗಳು ಉದುರುವುದಿಲ್ಲ, ಸ್ಲರಿ ಏಳುವುದಿಲ್ಲ. ಮೇಲ್ಮೈಯನ್ನು ಎಷ್ಟು ನಯ ಮಾಡುತ್ತೀರೋ ಕಲ್ಲು ಅಷ್ಟು ನಿಧಾನವಾಗಿ, ಅಷ್ಟು ನುಣ್ಣಗೆ ಕೆಲಸ ಮಾಡುತ್ತದೆ. ಅಂದರೆ ಇದು ಕಟ್ಟಕಡೆಯ ಹಂತದ ಕಲ್ಲು. 8000 ಗ್ರಿಟ್‌ನ ಕೃತಕ ಕಲ್ಲಿನಿಂದ ಬಂದ ಕತ್ತಿಗೆ ಇಲ್ಲಿ ನೂರರಿಂದ ಇನ್ನೂರು ಸುತ್ತು ಬೇಕು.

ಎಣ್ಣೆಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಅಡುಗೆ ಎಣ್ಣೆ ಬೇಡ, ದಿನ ಕಳೆದಂತೆ ಅಂಟಂಟಾಗಿ ಕಲ್ಲಿನ ಮೈ ಮುಚ್ಚಿಬಿಡುತ್ತದೆ. ಸೋಪಿನ ನೀರೂ ಆಗುತ್ತದೆ. ಮಟ್ಟ ಮಾಡುವುದಕ್ಕೆ ದಪ್ಪ ಗಾಜಿನ ಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿ ಮತ್ತು ನೀರು ಬಳಸಿ. ಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಚೌಕುಳಿ ಗೆರೆ ಎಳೆದುಕೊಂಡು, ಎಲ್ಲ ಗೆರೆ ಅಳಿಸುವವರೆಗೆ ಉಜ್ಜಿ. ಡೈಮಂಡ್ ಪ್ಲೇಟ್ ಬಳಸಿದರೆ ಕಲ್ಲಿಗಿಂತ ಮೊದಲು ಪ್ಲೇಟೇ ಸವೆಯುತ್ತದೆ. ಶ್ರಮದ ಕೆಲಸ, ಆದರೆ ಒಮ್ಮೆ ಮಟ್ಟವಾದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಯಾವ ಕಲ್ಲನ್ನೂ ಒಣಗಿದ್ದಾಗ ಉಜ್ಜಲೇಬೇಡಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಆಗುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ.

ಪ್ರಶ್ನೆ: ಜರ್ಮನಿಯ ಥುರಿಂಗಿಯಾ ಕಲ್ಲು ಎಷ್ಟು ಗ್ರಿಟ್? ಜಪಾನಿನದು ಎಷ್ಟು? (ಬೆಂಗಳೂರಿನ ಓದುಗರು)

ಉತ್ತರ: ಗ್ರಿಟ್ ಎನ್ನುವುದು ಜರಡಿ ಹಿಡಿದ ಕಣಗಳಿಂದ ಮಾಡಿದ ಕೃತಕ ಕಲ್ಲಿನ ಲೆಕ್ಕ. ಭೂಮಿಯಿಂದ ತೆಗೆದ ಕಲ್ಲಿಗೆ ಮಾರುವವರು ಹಾಕುವ ಸಂಖ್ಯೆ ಬರೀ ಅಂದಾಜು, ಅದನ್ನು ನಂಬಿ ಹಣ ಕೊಡಬೇಡಿ. ಒಂದೇ ಕ್ವಾರಿಯ ಎರಡು ತುಂಡು ಕೂಡ ಒಂದೇ ಥರ ಇರುವುದಿಲ್ಲ. ಥುರಿಂಗಿಯಾದ್ದು ಸ್ಲೇಟು, ಜೋನೆಬೆರ್ಗ್‌ನ ಎಷರ್ ಸಂಸ್ಥೆಯ ಹಳೆಯ ಲೇಬಲ್ ಇರುವ ಕಲ್ಲುಗಳಿಗೆ ಬೇಡಿಕೆ ಹೆಚ್ಚು. ಲೇಬಲ್ ಇಲ್ಲದ ಕಲ್ಲನ್ನು ಬಣ್ಣ ನೋಡಿಯೇ ಎಷರ್ ಎಂದು ಹೇಳಲಾಗದು. ಜಪಾನಿನ ಕ್ಯೋಟೋ ಕಲ್ಲುಗಳಿಗೆ ಮಿಕಾವಾ ಪ್ರದೇಶದ ನಗುರ ಎಂಬ ಪುಟ್ಟ ಕಲ್ಲುಗಳಿಂದ ಸ್ಲರಿ ಎಬ್ಬಿಸುತ್ತಾರೆ. ಬೊಟಾನ್, ತೆಂಜೋ, ಮೆಜಿರೋ, ಕೋಮಾ ಹೀಗೆ ಒರಟಿನಿಂದ ನುಣುಪಿಗೆ ಕ್ರಮ. ಮೊದಲ ಕಲ್ಲಿಗೆ ಹುಡುಕುತ್ತಿದ್ದರೆ ಜಪಾನಿನದು ಬೇಡ. ಬೆಲೆ ಹೆಚ್ಚು, ಮುದ್ರೆಗಳನ್ನು ನಕಲಿ ಮಾಡುವವರೂ ಇದ್ದಾರೆ. ಕೋಟಿಕ್ಯೂಲ್ ಒಂದಿದ್ದರೆ ಸಾಕು.

ಪ್ರಶ್ನೆ: ಕತ್ತಿಯ ಬೆನ್ನಿಗೆ ಟೇಪ್ ಸುತ್ತಬೇಕೇ? (ದಾವಣಗೆರೆಯ ಓದುಗರು)

ಉತ್ತರ: ಬೆನ್ನೂ ಬಾಯಿಯೂ ಒಟ್ಟಿಗೆ ಸವೆದರೆ ಕೋನ ತಾನಾಗಿ ಉಳಿಯುತ್ತದೆ, ಕತ್ತಿಯ ರಚನೆಯೇ ಹಾಗಿದೆ. ಆದ್ದರಿಂದ ಸಾಮಾನ್ಯವಾಗಿ ಬೇಡ. ಬೆನ್ನಿನ ಮೇಲೆ ಚಿನ್ನದ ಚಿತ್ತಾರ ಇದ್ದರೆ ಇಲೆಕ್ಟ್ರಿಕ್ ಟೇಪ್ ಒಂದು ಪದರ ಸುತ್ತಿ. ಅದು ಕೋನವನ್ನು ಸುಮಾರು 1 ಡಿಗ್ರಿ ಏರಿಸುತ್ತದೆ, ಹಾಗಾಗಿ ಒಮ್ಮೆ ಸುತ್ತಿದರೆ ಮುಂದೆಯೂ ಸುತ್ತಲೇಬೇಕು. ಮಧ್ಯೆ ಟೇಪ್ ತೂತಾದರೆ ತಕ್ಷಣ ಬದಲಿಸಿ. ಕೋಟಿಕ್ಯೂಲ್‌ನಲ್ಲಿ ಸ್ಲರಿ ತೆಳುವಾಗಿಸುವುದು ಕೈಗೆ ಹತ್ತದವರಿಗೆ ಇದೇ ಒಂದು ಸುಲಭ ದಾರಿ: ಟೇಪ್ ಇಲ್ಲದೆ ಸ್ಲರಿಯಲ್ಲಿ ಮಸೆದು, ಕಲ್ಲು ತೊಳೆದು, ಆಮೇಲೆ ಟೇಪ್ ಸುತ್ತಿ ಬರೀ ನೀರಿನಲ್ಲಿ ಐವತ್ತು ಸುತ್ತು. ಅಂಚಿನಲ್ಲಿ ಕಿರಿದಾದ ಎರಡನೇ ಬೆವೆಲ್ ಹುಟ್ಟುತ್ತದೆ. ಕಡಿಯಬೇಕಾದ ಉಕ್ಕು ಅತ್ಯಲ್ಪ, ಆದ್ದರಿಂದ ನಿಧಾನದ ನೀರೂ ಸಾಕಾಗುತ್ತದೆ. ನಂತರ ಬೆನ್ನು ಮುಂದಾಗಿ ಚರ್ಮದ ಪಟ್ಟಿಯ ಮೇಲೆ ಐವತ್ತು ಅರವತ್ತು ಸಲ ಸವರಿ, ಪಟ್ಟಿಯನ್ನು ಬಿಗಿಯಾಗಿ ಹಿಡಿದು. ಪಟ್ಟಿ ಜೋತರೆ ಮಸೆದ ಬಾಯಿ ಮತ್ತೆ ದುಂಡಗಾಗುತ್ತದೆ.