ಇನ್ವರ್ಟರ್ ಬ್ಯಾಟರಿಗೆ ಬೋರ್‌ವೆಲ್ ನೀರು ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಸಾಮಾನ್ಯ ಇನ್ವರ್ಟರ್ ಬ್ಯಾಟರಿಯ ಧನ ಫಲಕದಲ್ಲಿ ಸೀಸದ ಡೈಆಕ್ಸೈಡ್, ಋಣ ಫಲಕದಲ್ಲಿ ಸ್ಪಂಜಿನಂಥ ಸೀಸ, ನಡುವೆ ನೀರು ಬೆರೆತ ಗಂಧಕಾಮ್ಲ ಇರುತ್ತವೆ. 1859ರಲ್ಲಿ ಫ್ರಾನ್ಸ್‌ನ ಭೌತವಿಜ್ಞಾನಿ ಗಾಸ್ಟನ್ ಪ್ಲಾಂಟೆ ರೂಪಿಸಿದ ಬ್ಯಾಟರಿಯ ಜಾತಿಯೇ ಇದು. ಚಾರ್ಜ್ ತುಂಬುತ್ತಾ ಬಂದಂತೆ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆದು ಹೊರಹೋಗುತ್ತದೆ, ಆಮ್ಲ ಒಳಗೇ ಉಳಿಯುತ್ತದೆ. ಹಾಗಾಗಿ ಮತ್ತೆ ತುಂಬಬೇಕಾದದ್ದು ನೀರನ್ನು ಮಾತ್ರ.

ಬೋರ್‌ವೆಲ್ ನೀರಿನಲ್ಲಿರುವ ಕಬ್ಬಿಣವೇ ದೊಡ್ಡ ಕಳ್ಳ. ಅದರ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಒಂದು ಫಲಕದಲ್ಲಿ ಎಲೆಕ್ಟ್ರಾನ್ ಪಡೆದು ಇನ್ನೊಂದರಲ್ಲಿ ಬಿಟ್ಟುಕೊಡುತ್ತಾ ಓಡಾಡುತ್ತವೆ. ಕರೆಂಟ್ ಬಳಸದಿದ್ದರೂ ಚಾರ್ಜ್ ಸೋರಿಹೋಗುತ್ತದೆ. ಅದೇ ನೀರಿನ ಲವಣದಲ್ಲಿರುವ ಕ್ಲೋರೈಡ್ ಧನ ಫಲಕದ ಸೀಸದ ಚೌಕಟ್ಟನ್ನು ತಿನ್ನುತ್ತದೆ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ, ಅದೂ ಬೇಡ. ಡಿಸ್ಟಿಲ್ಡ್ ವಾಟರ್ ತಂದು, ಚಾರ್ಜ್ ಪೂರ್ತಿಯಾದ ಮೇಲೆ, ಮೇಲಿನ ಗುರುತಿನವರೆಗೆ ಮಾತ್ರ ತುಂಬಿ.