ಅಪ್ಪನ ಹಿಮ್ಮಡಿಯ ಮಚ್ಚೆ ಮತ್ತು ಜೀನ್ ಟೆಸ್ಟ್

ಪ್ರಶ್ನೆ: ಅಪ್ಪನಿಗೆ 61 ವರ್ಷ, ಅಡಿಕೆ ತೋಟ ನೋಡಿಕೊಳ್ತಾರೆ. ಎಡ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ಇತ್ತು. ಮುಳ್ಳು ಚುಚ್ಚಿದ ಗುರುತು ಅಂತ ಸುಮ್ನೆ ಬಿಟ್ಟಿದ್ದೆವು. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಂತ ಗೊತ್ತಾಗಿ ಈಗ ಆಪರೇಷನ್ ಆಗಿದೆ. ತೊಡೆಸಂದಿನ ಒಂದು ಗಂಟಿನಲ್ಲೂ ಕ್ಯಾನ್ಸರ್ ಸಿಕ್ಕಿದೆ. ಡಾಕ್ಟರ್ 'ಬಿರಾಫ್' ಎಂಬ ಜೀನ್ ಟೆಸ್ಟ್ ಮಾಡಿಸಿ ಎಂದಿದ್ದಾರೆ. ಅಪ್ಪ ಎಷ್ಟು ವರ್ಷ ಇರ್ತಾರೆ ಅಂತ ಅದರಿಂದ ತಿಳಿಯುತ್ತಾ? ಜೀನ್ ಅಂದ್ರೆ ನನ್ನ ಮಕ್ಕಳಿಗೂ ಬರುತ್ತಾ?
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲು ಮಕ್ಕಳ ವಿಷಯ. ಈ ಟೆಸ್ಟ್ ನೋಡುವುದು ಕ್ಯಾನ್ಸರ್ ಜೀವಕೋಶದೊಳಗಿನ ಜೀನನ್ನು. ಬಿರಾಫ್ ಬದಲಾವಣೆ ಇದ್ದರೂ ಅದು ಆ ಮಚ್ಚೆಯಲ್ಲಿ ಆಗಿದ್ದು, ಅಪ್ಪ ಹುಟ್ಟುವಾಗ ತಂದಿದ್ದಲ್ಲ. ಹಾಗಾಗಿ ನಿಮಗೋ ಮಕ್ಕಳಿಗೋ ದಾಟುವುದಿಲ್ಲ. ಒಂದೇ ಮನೆತನದ ಹಲವರಿಗೆ ಮೆಲನೋಮಾ ಬಂದಿದ್ದರೆ ಮಾತ್ರ ರಕ್ತದಲ್ಲಿ ಬೇರೆ ಜೀನ್‌ಗಳನ್ನು ನೋಡುತ್ತಾರೆ.

ಎಷ್ಟು ವರ್ಷ ಅನ್ನುವುದು ಈ ಟೆಸ್ಟ್‌ನಿಂದ ತಿಳಿಯುವುದಿಲ್ಲ. ಕಾಯಿಲೆ ಎಷ್ಟು ಮುಂದುವರಿದಿದೆ ಎಂಬ ಅಂದಾಜು ಈಗಾಗಲೇ ನಿಮ್ಮ ಕೈಯಲ್ಲಿದೆ. ಬಯಾಪ್ಸಿ ವರದಿ ತೆಗೆಯಿರಿ. 'ಬ್ರೆಸ್ಲೋ' ಎಂಬ ಪದದ ಮುಂದೆ ಮಿಲಿಮೀಟರ್‌ನಲ್ಲಿ ಒಂದು ಸಂಖ್ಯೆ ಇರುತ್ತದೆ. ಮಚ್ಚೆ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವ ಅಳತೆ ಅದು. 1 ಮಿ.ಮೀ. ಒಳಗಿದ್ದರೆ ತೆಳು, 4 ದಾಟಿದರೆ ದಪ್ಪ. ಮೇಲ್ಭಾಗ ಹುಣ್ಣಾಗಿತ್ತಾ, ಎಷ್ಟು ಗಂಟುಗಳಲ್ಲಿ ಸಿಕ್ಕಿದೆ, ಇವೂ ಮುಖ್ಯ. ಈ ಮೂರನ್ನೂ ಮುಂದಿಟ್ಟು ನಿಮ್ಮ ಡಾಕ್ಟರನ್ನೇ ಕೇಳಿ.

ಹಾಗಾದ್ರೆ ಟೆಸ್ಟ್ ಯಾಕೆ? ಯಾವ ಔಷಧ ಹಿಡಿಯುತ್ತದೆ ಅಂತ ತಿಳಿಯಲು. ಬಿರಾಫ್ ಜೀವಕೋಶಕ್ಕೆ 'ಬೆಳೆ' ಎಂದು ಹೇಳುವ ಸ್ವಿಚ್. ಪಂಪ್‌ಸೆಟ್‌ನ ಸ್ಟಾರ್ಟರ್ ಕಚ್ಚಿಕೊಂಡರೆ ಮೋಟಾರ್ ನಿಲ್ಲುವುದೇ ಇಲ್ಲ, ಅಲ್ವಾ? ಈ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಹಾಗೇ ಆಗುತ್ತದೆ. 2002ರಲ್ಲಿ ಇದು ಗೊತ್ತಾಯಿತು, 2011ರಲ್ಲಿ ಆ ಸ್ವಿಚ್ಚನ್ನೇ ತಡೆಯುವ ಮೊದಲ ಮಾತ್ರೆ ಬಂತು. ಈಗ ಡಬ್ರಾಫೆನಿಬ್, ಟ್ರಮೆಟಿನಿಬ್ ಎಂಬ ಎರಡು ಮಾತ್ರೆಗಳನ್ನು ಜೊತೆಗೆ ಕೊಡುತ್ತಾರೆ. ಗಂಟಿಗೆ ಹಬ್ಬಿ ಆಪರೇಷನ್ ಆದವರಲ್ಲಿ ಬದಲಾವಣೆ ಇದ್ದರೆ, ಕಾಯಿಲೆ ಮರುಕಳಿಸದಿರಲಿ ಅಂತ 12 ತಿಂಗಳು ಕೊಡುವುದುಂಟು. ಬದಲಾವಣೆ ಇಲ್ಲದವರಿಗೆ ಇದೇ ಜಾತಿಯ ಮಾತ್ರೆ ಕ್ಯಾನ್ಸರ್ ಬೆಳವಣಿಗೆಗೆ ಕುಮ್ಮಕ್ಕು ಕೊಡಬಹುದು. ಟೆಸ್ಟ್ ಬಿಡಬೇಡಿ ಅನ್ನುವುದು ಇದಕ್ಕೇ.

ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಬಿಳಿ ಚರ್ಮದವರಲ್ಲಿ ಬಿಸಿಲಿನಿಂದ ಬರುವ ಮೆಲನೋಮಾದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬಿರಾಫ್ ಬದಲಾವಣೆ ಇರುತ್ತದೆ. ಅಂಗೈ, ಅಂಗಾಲು, ಉಗುರಿನಡಿ ಬರುವುದು ಬೇರೆ ಬಗೆ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ. ಅದರಲ್ಲಿ ಬಿರಾಫ್ ಬದಲಾವಣೆ ಸಿಗುವುದು ಐದಾರು ಜನರಲ್ಲಿ ಒಬ್ಬರಿಗೆ. 'ಇಲ್ಲ' ಎಂದು ಬಂದರೆ ಎದೆಗುಂದಬೇಡಿ. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಇಮ್ಯುನೋಥೆರಪಿ ಇಂಜೆಕ್ಷನ್‌ಗೆ ಬಿರಾಫ್ ಬೇಕಿಲ್ಲ. ಆದರೆ ಅಂಗಾಲಿನ ಬಗೆಯಲ್ಲಿ ಅದರ ಫಲವೂ ಸ್ವಲ್ಪ ಕಡಿಮೆಯೇ.

ಹಾಗಾಗಿ ಬಿರಾಫ್ ಒಂದನ್ನೇ ಮಾಡಿಸಬೇಡಿ. 'ಕಿಟ್' ಮತ್ತು 'ಎನ್‌ರಾಸ್' ಜೀನ್‌ಗಳನ್ನೂ ಒಟ್ಟಿಗೆ ನೋಡುವ ಪ್ಯಾನೆಲ್ ಟೆಸ್ಟ್ ಆಗುತ್ತದಾ ಕೇಳಿ. ಮುಂದೆ ಕಾಯಿಲೆ ಹಬ್ಬಿದರೆ, ಕಿಟ್ ಬದಲಾವಣೆ ಇರುವ ಕೆಲವರಿಗೆ ಇಮಾಟಿನಿಬ್ ಎಂಬ ಮಾತ್ರೆ ಕೆಲಸ ಮಾಡುತ್ತದೆ.

ಸಾಮಾನ್ಯವಾಗಿ ಇದಕ್ಕೆ ಅಪ್ಪನನ್ನು ಮತ್ತೆ ಚುಚ್ಚಬೇಕಿಲ್ಲ. ಆಪರೇಷನ್‌ನಲ್ಲಿ ತೆಗೆದ ತುಂಡನ್ನು ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ 'ಬ್ಲಾಕ್' ಮಾಡಿ ಲ್ಯಾಬ್‌ನಲ್ಲಿ ಇಟ್ಟಿರುತ್ತಾರೆ. ಅದನ್ನು ಕೇಳಿ ಪಡೆಯಿರಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ಟೆಸ್ಟ್ ಮುಗಿದ ಮೇಲೆ ಉಳಿದದ್ದನ್ನು ವಾಪಸ್ ತಂದು ಆಸ್ಪತ್ರೆಗೇ ಕೊಡಿ. ಮುಂದೆ ಬೇರೆ ಟೆಸ್ಟ್‌ಗೂ ಅದೇ ಬೇಕಾಗಬಹುದು.