ಓದುಗರ ಪ್ರಶ್ನೆ: ಕೆಮಿಸ್ಟ್ರಿಯ ಸಂಶೋಧನಾ ಪೇಪರ್ ಹುಡುಕೋದು ಹೇಗೆ?

ಪ್ರಶ್ನೆ: ಎಂ.ಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಗೈಡ್ ‘ಲಿಟರೇಚರ್ ಸರ್ವೆ ಮಾಡ್ಕೊಂಡು ಬಾ’ ಅಂದರು, ಅಂದರೆ ಈ ವಿಷಯದಲ್ಲಿ ಈಗಾಗಲೇ ಬಂದ ಪೇಪರ್‌ಗಳನ್ನು ಹುಡುಕಿ ಓದಬೇಕು, ಹೇಗೆ ಅಂತ ಹೇಳಲಿಲ್ಲ. ಗೂಗಲ್ ಮಾಡಿದರೆ ಮಾರ್ಕೆಟ್ ರೇಟು, ಮಸಾಲೆ ಅಂಗಡಿ, ಚಟ್ನಿ ರೆಸಿಪಿ ಬರುತ್ತವೆ. ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ವಸ್ತು ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಅನ್ನೋ ಕ್ಯಾರೊಟಿನಾಯ್ಡ್, ಅಂದರೆ ಗಿಡದಲ್ಲಿರೋ ಒಂದು ಬಗೆಯ ಬಣ್ಣದ ವಸ್ತು. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಬೇರೆ. ಹೆಸರು ಹತ್ತಿರ ಇರೋದರಿಂದ ಎಷ್ಟೋ ಜನ ಎರಡನ್ನೂ ಕಲಸಿಬಿಡುತ್ತಾರೆ, ಆಮೇಲೆ ವಾರಗಟ್ಟಲೆ ಬೇಡದ ಪೇಪರ್ ಓದುತ್ತಾ ಕೂರುತ್ತಾರೆ.

ಇಲ್ಲಿ ಕೈಹಿಡಿಯೋದು ಸಿಎಎಸ್ ನಂಬರ್. ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಿಎಎಸ್ ವಿಭಾಗ 1965ರಿಂದ ಒಂದೊಂದು ವಸ್ತುವಿಗೂ ಒಂದೊಂದು ನಂಬರ್ ಕೊಡುತ್ತಾ ಬಂದಿದೆ. ವಸ್ತುವಿಗೆ ಹತ್ತು ಹೆಸರಿದ್ದರೂ ನಂಬರ್ ಒಂದೇ. ಕ್ಯಾಪ್ಸಾಂಥಿನ್‌ನದು 465-42-9. ಕೊನೆಯ ಅಂಕಿ ತಾಳೆ ನೋಡೋಕೆ ಇಟ್ಟದ್ದು. ಅದನ್ನು ಬಿಟ್ಟು ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ 1, 2, 3, 4, 5ರಿಂದ ಗುಣಿಸಿ: 2, 8, 15, 24, 20. ಕೂಡಿದರೆ 69. ಅದರ ಕೊನೆಯಲ್ಲಿ 9 ಬಂತು, ಅಂದರೆ ನಂಬರ್ ಬರೆದುಕೊಳ್ಳುವಾಗ ಅಂಕಿ ತಪ್ಪಿರಲಿಕ್ಕಿಲ್ಲ. ಈ ನಂಬರನ್ನು ಪಬ್‌ಕೆಮ್ ಅನ್ನೋ ವೆಬ್‌ಸೈಟ್‌ನಲ್ಲಿ ಹಾಕಿ. ದುಡ್ಡು ಕೊಡಬೇಕಿಲ್ಲ. ರಚನೆ, ಬೇರೆ ಹೆಸರುಗಳು, ಪೇಪರ್‌ಗಳ ಕೊಂಡಿ ಎಲ್ಲ ಅಲ್ಲಿರುತ್ತವೆ.

ಆಮೇಲೆ ಸಂಶೋಧನಾ ಬರಹಗಳನ್ನೇ ಹುಡುಕಿಕೊಡೋ ಗೂಗಲ್ ಸ್ಕಾಲರ್‌ಗೆ ಹೋಗಿ. ಕ್ಯಾಪ್ಸಾಂಥಿನ್ ಜೊತೆ ಗಿಡದ ಹೆಸರು ಕ್ಯಾಪ್ಸಿಕಮ್ ಆನ್ಯುಮ್ ಸೇರಿಸಿ. ಬ್ಯಾಡಗಿಯ ವಿಷಯದಲ್ಲಿ ಒಂದು ಎಚ್ಚರ. ಇಂಗ್ಲಿಷಿನಲ್ಲಿ ಈ ಊರಿನ ಹೆಸರನ್ನು ಡಿ ಆದಮೇಲೆ ಎ ಹಾಕಿ ಬರೆದವರೂ ಇದ್ದಾರೆ, ಹಾಕದೆ ಬರೆದವರೂ ಇದ್ದಾರೆ, ಐ ಹಾಕಿದವರೂ ಇದ್ದಾರೆ. ಒಂದೇ ಸ್ಪೆಲ್ಲಿಂಗ್ ನೆಚ್ಚಿಕೊಂಡರೆ ಬೇರೆಯವರ ಕೆಲಸ ಕಣ್ಣಿಗೇ ಬೀಳಲ್ಲ. ಎಲ್ಲವನ್ನೂ ಬರೆದು ನಡುವೆ ‘ಆರ್’ (OR) ಪದವನ್ನು ಕ್ಯಾಪಿಟಲ್ ಅಕ್ಷರಗಳಲ್ಲಿ ಹಾಕಿ ಹುಡುಕಿ.

ಒಂದು ಒಳ್ಳೆ ಪೇಪರ್ ಸಿಕ್ಕಿತು ಅನ್ನಿ, ಅಲ್ಲಿಗೆ ಅರ್ಧ ಕೆಲಸ ಮುಗೀತು. ಅದರ ಕೊನೆಯ ರೆಫರೆನ್ಸ್‌ಗಳನ್ನು ಹಿಡಿದು ಹಿಂದಕ್ಕೆ ಹೋಗಿ, ಸ್ಕಾಲರ್‌ನಲ್ಲಿ ‘ಸೈಟೆಡ್ ಬೈ’ ಒತ್ತಿ, ಅದನ್ನು ಉಲ್ಲೇಖಿಸಿದ ಹೊಸ ಪೇಪರ್‌ಗಳತ್ತ ಮುಂದಕ್ಕೆ ಬನ್ನಿ. ಹಿಂದಕ್ಕೆ ಹೋಗ್ತಾ ಹೋಗ್ತಾ 1927ಕ್ಕೆ ಮುಟ್ಟುತ್ತೀರಿ. ಹಂಗೆರಿಯ ಝೆಕ್‌ಮೈಸ್ಟರ್ ಮತ್ತು ಚೋಲ್ನೊಕಿ ಪಾಪ್ರಿಕಾದ (ಅಲ್ಲಿನ ಕೆಂಪು ಮೆಣಸಿನಕಾಯಿ) ಬಣ್ಣದ ಬಗ್ಗೆ ಜರ್ಮನ್‌ನಲ್ಲಿ ಬರೆದ ಪೇಪರ್ ಅದು. ಇಂಥ ಹಳೇ ರೆಫರೆನ್ಸ್‌ನಲ್ಲಿ ಜರ್ನಲ್ ಹೆಸರು ಸುಮ್ನೆ ‘ಆನ್.’ (Ann.) ಅಂತ ಮೂರಕ್ಷರ ಇರುತ್ತೆ. ಗಾಬರಿ ಬೇಡ. ಸಿಎಎಸ್‌ನವರದ್ದೇ ಕ್ಯಾಸಿ ಅನ್ನೋ ಉಚಿತ ಹುಡುಕಾಟ ಇದೆ, ಜರ್ನಲ್‌ಗಳ ಚುಟುಕು ಹೆಸರಿಗೆ ಪೂರ್ತಿ ಹೆಸರು ಅಲ್ಲಿ ಸಿಗುತ್ತೆ.

ಶೋಧಗಂಗಾ ಮರೀಬೇಡಿ. ದೇಶದ ಪಿಎಚ್‌ಡಿ ಥೀಸಿಸ್‌ಗಳು ಅಲ್ಲಿವೆ. ಸಾಮಾನ್ಯವಾಗಿ ಮೊದಲೆರಡು ಅಧ್ಯಾಯದಲ್ಲಿ ಯಾರೋ ವರ್ಷಗಟ್ಟಲೆ ಕೂತು ಮಾಡಿದ ಸರ್ವೆಯೇ ಇರುತ್ತೆ. ನಕಲು ಮಾಡಬೇಡಿ, ಅದು ತೋರಿಸೋ ಮೂಲ ಪೇಪರ್ ತೆಗೆದು ಓದಿ. ಅಬ್‌ಸ್ಟ್ರಾಕ್ಟ್ ಓದಿ ಬಿಡೋದು ಜಾಸ್ತಿ ಆಗಿದೆ. ಯಾವ ದ್ರಾವಕ, ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನೋದೆಲ್ಲ ಎಕ್ಸ್‌ಪೆರಿಮೆಂಟಲ್ ಭಾಗದಲ್ಲಿರುತ್ತೆ, ಲ್ಯಾಬಿನಲ್ಲಿ ನಿಮಗೆ ಬೇಕಾಗೋದೂ ಅದೇ ಅಲ್ವಾ? ಯಾವ ಪದ ಹಾಕಿ ಯಾವತ್ತು ಹುಡುಕಿದಿರಿ, ಏನು ಸಿಕ್ಕಿತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ.

ಸಿಎಎಸ್‌ನವರದ್ದೇ ದೊಡ್ಡ ಹುಡುಕಾಟದ ಸಾಧನ ಸೈಫೈಂಡರ್ ಸಿಗುತ್ತಾ ಅಂತ ಲೈಬ್ರರಿಯಲ್ಲಿ ಕೇಳಿ. 1907ರಲ್ಲಿ ಶುರುವಾದ, ಕೆಮಿಸ್ಟ್ರಿ ಪೇಪರ್‌ಗಳ ಸಾರಾಂಶ ಕೊಡುತ್ತಿದ್ದ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್‌ನ ದಪ್ಪ ಸಂಪುಟಗಳಲ್ಲಿದ್ದದ್ದೆಲ್ಲ ಈಗ ಅದರಲ್ಲಿದೆ, ರಚನೆ ಬಿಡಿಸಿಯೇ ಹುಡುಕಬಹುದು. ಇನ್ನು ಗೈಡ್‌ಗಳಿಗೆ ಒಂದು ಮಾತು. ಮಕ್ಕಳನ್ನು ಒಂದು ಮಧ್ಯಾಹ್ನ ಕಂಪ್ಯೂಟರ್ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟನ್ನು ತೋರಿಸಿ. ಇದು ಯಾರಿಗೂ ತಾನಾಗಿ ಬರೋ ವಿದ್ಯೆ ಅಲ್ಲ.

ಪ್ರಶ್ನೆ: ಪೇಪರ್ ಸಿಕ್ಕರೂ ತೆರೆಯಲ್ಲ, ಡಾಲರ್ ಕೇಳುತ್ತೆ. ಕೊಡಬೇಕಾ?
— ವಿದ್ಯಾರ್ಥಿ, ಹಾವೇರಿ

ಉತ್ತರ: ಬೇಡವೇ ಬೇಡ. 2025ರ ಜನವರಿ 1ರಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಿಗಬೇಕು ಅನ್ನೋದು ಯೋಜನೆ. ನಿಮ್ಮ ಕಾಲೇಜು ಸೇರಿದೆಯಾ ಅಂತ ಲೈಬ್ರರಿಯನ್‌ರನ್ನು ಕೇಳಿ. ಇಲ್ಲದಿದ್ದರೆ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ, ತುಂಬಾ ಜನ ಖುಷಿಯಿಂದ ಕಳಿಸುತ್ತಾರೆ. ಸಿಂಥೆಸಿಸ್ ವಿಧಾನ, ಅಂದರೆ ವಸ್ತುವನ್ನು ಲ್ಯಾಬಿನಲ್ಲಿ ತಯಾರಿಸೋ ರೀತಿ ಬೇಕಿದ್ದರೆ ‘ಆರ್ಗ್ಯಾನಿಕ್ ಸಿಂಥೆಸೀಸ್’ (Organic Syntheses) ಪೂರ್ತಿ ಉಚಿತ. 1921ರಿಂದ ಬರುತ್ತಿದೆ, ಪ್ರತಿ ವಿಧಾನವನ್ನೂ ಬೇರೆ ಲ್ಯಾಬಿನಲ್ಲಿ ಮಾಡಿ ನೋಡಿದ ಮೇಲೇ ಅಚ್ಚು ಹಾಕುತ್ತಾರೆ.

ಪ್ರಶ್ನೆ: ಎಐ ಚಾಟ್ ಕೇಳಿದರೆ ರೆಫರೆನ್ಸ್ ಪಟ್ಟಿಯನ್ನೇ ಕೊಡುತ್ತೆ. ಹಾಕಬಹುದಾ?
— ವಿದ್ಯಾರ್ಥಿನಿ, ಗದಗ

ಉತ್ತರ: ನೇರವಾಗಿ ಹಾಕಬೇಡಿ. ಇಲ್ಲದ ಪೇಪರ್‌ಗೆ ಜರ್ನಲ್, ವರ್ಷ, ಪುಟ ಎಲ್ಲ ಹೊಂದಿಸಿ ಕೊಟ್ಟುಬಿಡುತ್ತವೆ. ಪ್ರತಿಯೊಂದರ ಡಿಒಐ (ಪೇಪರ್‌ನ ಗುರುತಿನ ಸಂಖ್ಯೆ) ಹಾಕಿ ತೆರೆದು ನೋಡಿ. ತೆರೆಯಲಿಲ್ಲ ಅಂದರೆ ಶೀರ್ಷಿಕೆ ಹಾಕಿ ಹುಡುಕಿ, ಅಲ್ಲೂ ಇಲ್ಲ ಅಂದರೆ ತೆಗೆದುಹಾಕಿ. ತೆರೆದರೆ, ನೀವು ಬರೆದ ಮಾತು ಅದರಲ್ಲಿ ನಿಜವಾಗಿ ಇದೆಯಾ ಅಂತ ಓದಿ, ಆಮೇಲೆ ಸೇರಿಸಿ.